ನೋಂಪಿಯ ದಿನದ ಗುಳಿಗೆ

ಗುಳಿಗೆ ಒಂದಿತ್ತೋ ಎರಡಿದ್ದವೋ ಈಗ ಖಚಿತವಾಗಿ ಹೇಳಲಾರೆ. ಅದನ್ನು ಕಟ್ಟಿಕೊಟ್ಟ ಕಾಗದ ಬಿಳಿಯದಿತ್ತು ಎಂದು ನೆನಪು, ಆದರೆ ಹಲ್ಲಿನ ಡಾಕ್ಟರರು ಬೇರೆಯವರಿಗೆ ಹಳೆಯ ಪತ್ರಿಕೆಯ ತುಂಡಿನಲ್ಲಿ ಗುಳಿಗೆ ಕಟ್ಟಿಕೊಡುವುದನ್ನು ಆಮೇಲೆ ನೋಡಿದ್ದೇನೆ, ಹಾಗಾಗಿ ಅದೂ ಸಂಶಯವೇ. ಅಂದು ಮೋಡ ಕವಿದಿತ್ತು ಎಂದು ಮೊದಲೊಮ್ಮೆ ಬರೆದು ಹೊಡೆದುಹಾಕಿದೆ. ಭಾದ್ರಪದ ಮಾಸವಾದ್ದರಿಂದ ಮೋಡ ಇದ್ದಿರಬೇಕು ಎಂದು ಬುದ್ಧಿ ಹೇಳಿದ್ದೇ ಹೊರತು ಕಣ್ಣು ಕಂಡದ್ದಲ್ಲ. ನೀರಿನ ರುಚಿ ಮಾತ್ರ ನೆನಪಿದೆ. ತಂಬಿಗೆಯ ನೀರು ತುಸು ಸವುಳಾಗಿತ್ತು, ಸೋಸಿರಲಿಲ್ಲ.

ಹಳೆಯ ದಿನಚರಿ ನನ್ನ ಹತ್ತಿರವೇ ಇದೆ. ಅದನ್ನು ತೆರೆದರೆ ಎಲ್ಲ ಬಗೆಹರಿಯುತ್ತದೆ ಎಂದುಕೊಂಡಿದ್ದೆ. ಆ ದಿನದ ಕೆಳಗೆ ನನ್ನದೇ ಅಕ್ಷರದಲ್ಲಿ ಮೂರು ಮಾತುಗಳಿವೆ: "ಹಲ್ಲು. ಉಪವಾಸ. ಸಹಿಸಿದೆ." ಮೂರನೆಯದು ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದವಳ ನೆನಪನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ ಇದನ್ನು ಓದಬೇಕು.

ಈಗ ಬರೆಯಲು ಕಾರಣ ನೆರೆಮನೆಯ ಸೊಸೆ. ಅವಳಿಗೆ ಹಲ್ಲಿನ ಬೇರಿನೊಳಗಿನ ನರ ತೆಗೆಸಬೇಕೆಂದಿದ್ದಾರಂತೆ. ಹೆದರಿಕೊಂಡು ನನ್ನ ಹತ್ತಿರ ಬಂದು, ನೀವು ಏನೂ ತೆಗೆದುಕೊಳ್ಳದೆ ಹೇಗೆ ತಡೆದುಕೊಂಡಿರಿ ಎಂದು ಕೇಳಿದಳು. ಆ ಕಥೆ ಇನ್ನೂ ಬನಹಟ್ಟಿಯಲ್ಲಿ ಓಡಾಡುತ್ತಿದೆ ಎಂದು ಅಂದು ಗೊತ್ತಾಯಿತು.

ನಾನು ತೇರದಾಳದವಳು. ತಂದೆ ಹಟ ಹಿಡಿದು ಪುಣೆಯಲ್ಲಿ ಬಿ.ಎ. ಓದಿಸಿದರು. ಲಗ್ನವಾಗಿ ಬನಹಟ್ಟಿಗೆ ಬಂದಾಗ ಜಮಖಂಡಿ ಇನ್ನೂ ಸಂಸ್ಥಾನ, ಹೊರಗೆ ಮಹಾಯುದ್ಧ. ನಮ್ಮ ಮನೆಯವರದು ನೂಲಿನ ವ್ಯಾಪಾರ. ಮನೆಯಲ್ಲಿ ಅತ್ತೆ, ನನ್ನ ಯಜಮಾನರು, ಅವರ ತಂಗಿ ರಾಜವ್ವ. ರಾಜವ್ವನಿಗೆ ಆಗ ಹದಿನೈದೋ ಹದಿನಾರೋ; ನನ್ನನ್ನು ವೈನಿ, ಎಂದರೆ ಅತ್ತಿಗೆ, ಎಂದು ಕರೆಯುತ್ತಿದ್ದಳು. ಓಣಿಯ ಹೆಂಗಸರಿಗೆ ನನ್ನನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ನಾನು ರೊಟ್ಟಿ ತಟ್ಟುವುದನ್ನು ನೋಡಲು ಬರುತ್ತಿದ್ದರು. ಮೇಲುಮನೆಯ ಚಂದವ್ವ ಎಂಬಾಕೆ ಒಂದು ದಿನ, ನಾನು ಕೇಳುವ ಹಾಗೆಯೇ ಅತ್ತೆಗೆ ಅಂದಳು: "ನಿಮ್ಮ ಶಾಂತಾ ಪುಣೇದಾಗ ಕಲತಾಕಿ ಅದಾಳ. ಇಂಗ್ಲೀಷ ಓದತಾಳ, ಖರೆ. ನೋಂಪಿ ಹಿಡಿಯೂದ ಆಕಿ ಕೈಲೆ ಎಲ್ಲಿ ಆಗತೈತಿ ಬೇ?"

ನಮ್ಮ ಜೈನರ ಮನೆಗಳಲ್ಲಿ ಹೆಂಗಸರು ಹಿಡಿಯುವ ವ್ರತಕ್ಕೆ ನೋಂಪಿ ಎನ್ನುತ್ತಾರೆ. ಅನಂತನ ನೋಂಪಿ ಎಂದರೆ ಹದಿನಾಲ್ಕು ವರ್ಷ, ಪ್ರತಿ ವರ್ಷ ಅನಂತ ಚತುರ್ದಶಿಯ ದಿನ ನಿರಾಹಾರ, ಗಟ್ಟಿಯಾಗಿ ಮಾಡುವವರಿಗೆ ನೀರೂ ಇಲ್ಲ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಇರಲಿಲ್ಲ ಎಂದು ದಿನಚರಿಯಲ್ಲಿ ಎರಡು ಪುಟ ತುಂಬ ವಾದ ಮಾಡಿ ಬರೆದಿದ್ದೇನೆ. ಆದರೂ ಚಂದವ್ವನ ಮಾತು ಕೇಳಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಈ ವರ್ಷ ನಾನು ಅನಂತನ ನೋಂಪಿ ಹಿಡಿಯುತ್ತೇನೆ ಅಂದೆ. ನೀರೂ ಮುಟ್ಟದೆ, ಅಂತ ಕೂಡಿಸಿದೆ. ಅತ್ತೆಯ ಮುಖ ಅರಳಿತು. ನನಗೆ ಬೇಕಾಗಿದ್ದುದು ಆ ಮುಖ, ಚಂದವ್ವನ ಮುಚ್ಚಿದ ಬಾಯಿ. ವ್ರತವಲ್ಲ.

ಅದೇ ಶ್ರಾವಣದಲ್ಲಿ ನನ್ನ ಎಡಗಡೆಯ ದವಡೆ ಹಲ್ಲಿನ ನೋವು ಎದ್ದಿತು. ಹಲ್ಲುನೋವು ಅನುಭವಿಸಿದವರಿಗೆ ಅದನ್ನು ವರ್ಣಿಸಬೇಕಾಗಿಲ್ಲ, ಅನುಭವಿಸದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಲವಂಗ, ಇಂಗು, ಉಪ್ಪುನೀರು ಎಲ್ಲ ಆದವು. ಕೊನೆಗೆ ಯಜಮಾನರು ಜಮಖಂಡಿಗೆ ಕರೆದುಕೊಂಡು ಹೋದರು. ಮಿರಜಿನಿಂದ ಹಲ್ಲಿನ ಡಾಕ್ಟರರೊಬ್ಬರು ವಾರಕ್ಕೊಂದು ದಿನ ಅಲ್ಲಿಗೆ ಬಂದು ಬಾಡಿಗೆಯ ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದರು. ಪೆಟ್ರೋಲು ಸಿಗದ ಕಾಲ, ಇದ್ದಲಿನ ಗ್ಯಾಸಿನ ಬಸ್ಸು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನಡೆಯಬೇಕು. ರಸ್ತೆಯ ಪ್ರತಿ ಕುಣಿಯೂ ನನ್ನ ಹಲ್ಲಿನಲ್ಲೇ ಇದ್ದಂತೆ.

ಪಡಸಾಲೆಯ ಹೊರಗಿನ ಕಟ್ಟೆಯೇ ಕಾಯುವ ಜಾಗ. ಅನಗವಾಡಿಯ ರೈತರೊಬ್ಬರು ಗಲ್ಲಕ್ಕೆ ರುಮಾಲು ಬಿಗಿದುಕೊಂಡು ಕೂತಿದ್ದರು. ಮುಧೋಳದ ಮುದುಕಿಯೊಬ್ಬಳು ಹಿಂದಿನ ವಾರ ಕಿತ್ತ ತನ್ನ ಹಲ್ಲನ್ನು ಅರಿವೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಯಾಕೆ ಅಂದರೆ, ಡಾಕ್ಟರರು ತಪ್ಪು ಹಲ್ಲು ಕಿತ್ತಿದ್ದರೆ ತೋರಿಸಬೇಕಲ್ಲ ಅಂದಳು. ಅಷ್ಟು ನೋವಿನಲ್ಲೂ ನಾವೆಲ್ಲ ನಕ್ಕೆವು. ರೈತರು ಗಲ್ಲ ಹಿಡಿದುಕೊಂಡು ನಕ್ಕರು. ಒಳಗಿನಿಂದ ಕಾಲಲ್ಲಿ ತುಳಿದು ತಿರುಗಿಸುವ ಯಂತ್ರದ ಸದ್ದು ಬಂದ ಕೂಡಲೇ ನಗು ನಿಂತಿತು.

ಹಲ್ಲು ಕೀಳಬೇಕಾಗಿಲ್ಲ, ಬೇರಿನೊಳಗಿನ ನರ ತೆಗೆದು ತೊಳೆದು ತುಂಬಿದರೆ ಉಳಿಯುತ್ತದೆ ಅಂದರು ಡಾಕ್ಟರರು. ಮೂರು ಸಲ ಬರಬೇಕು. ಮೊದಲ ಸಲ ಹಲ್ಲು ತೆರೆದು, ನರ ಸಾಯಲೆಂದು ಔಷಧ ಇಟ್ಟು ಮುಚ್ಚಿದರು. ಎರಡನೆಯ ಸಲ ನರ ತೆಗೆಯುವುದು, ಅದೇ ಕಠಿಣದ್ದು. ಇಟ್ಟ ಔಷಧವನ್ನು ಒಂದು ವಾರಕ್ಕಿಂತ ಹೆಚ್ಚು ಬಿಡುವಂತಿಲ್ಲ ಎಂದು ಎರಡೆರಡು ಸಲ ಹೇಳಿದರು. ಮನೆಯ ಹೆಸರು ಕೇಳಿ ನಾವು ಜೈನರೆಂದು ತಿಳಿದಮೇಲೆ ಮಣೆಯ ಮೇಲಿನ ಪೆಟ್ಟಿಗೆ ತೆರೆದು ಗುಳಿಗೆ ತೆಗೆದರು.

"ಚುಚ್ಚತೀನಲ್ಲ, ಆ ಜೋಮು ನೀವು ಊರ ಮುಟ್ಟೂದ್ರಾಗ ಇಳೀತದ," ಅಂದರು. "ಬ್ಯಾನಿ ಏಳೂದು ದೀಪ ಹಚ್ಚೂ ಹೊತ್ತಿಗೆ. ನಿಮ್ಮ ಮಂದಿ ಹೊತ್ತ ಮುಣಗಿದ ಮ್ಯಾಲ ನೀರೂ ಮುಟ್ಟೂದಿಲ್ಲ. ಅವಾಗ ಗುಳಗಿ ಕೈಯಾಗ ಹಿಡಕೊಂಡು ಕೂತರ ಏನುಪಯೋಗ? ಅದಕ್ಕ ಇಲ್ಲಿ ಬರೂಕಿಂತ ಒಂದ ತಾಸ ಮೊದಲ, ಏನರೆ ತಿಂದು, ನುಂಗಿ ಬರ್ರಿ. ಬ್ಯಾನಿ ಬರೂಕಿಂತ ಮೊದಲ ಔಷಧ ಒಳಗಿರಬೇಕು."

ಎಷ್ಟು ಸರಳ ಮಾತು. ಮನೆಗೆ ಬಂದು ಪಂಚಾಂಗ ನೋಡಿದೆ. ಮುಂದಿನ ವಾರ ಅದೇ ದಿನ ಅನಂತ ಚತುರ್ದಶಿ.

ಕೇಳಬಹುದಾಗಿತ್ತು. ಅತ್ತೆ ಅಲ್ಲೇ ಬುಟ್ಟಿಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದರು. ಗುಳಿಗೆ ತೆಗೆದುಕೊಳ್ಳಬೇಕಂತೆ, ಏನು ಮಾಡಲಿ ಅತ್ತಿ, ಅಂತ ಒಂದು ಮಾತು. ಅದರ ಬದಲು ನಾನು, ಅವತ್ತೇ ಹೋಗಬೇಕು, ಉಪವಾಸದಲ್ಲೇ ಹೋಗಿಬರುತ್ತೇನೆ ಅಂದೆ. ಗುಳಿಗೆಯ ಮಾತು ಬಾಯಿಬಿಟ್ಟದ್ದು ನಾನಲ್ಲ, ಯಜಮಾನರು. ಅದಕ್ಕೆ ನಾನು, ಅದು ತಗೊಳ್ಳಲೇಬೇಕಂತೇನೂ ಇಲ್ಲ, ತಡೆದುಕೊಳ್ಳುತ್ತೇನೆ ಅಂದೆ. ಚಂದವ್ವ ಅಲ್ಲಿದ್ದಳೇ? ಇದ್ದಳೆಂದು ನನ್ನ ನೆನಪು ಹೇಳುತ್ತದೆ. ಇರಬೇಕೆಂದು ನಾನೇ ಅವಳನ್ನು ಅಲ್ಲಿ ಕೂಡಿಸಿಕೊಂಡಿರಬಹುದು.

ಚತುರ್ದಶಿಯ ದಿನ ಯಜಮಾನರಿಗೆ ಬಸದಿಯಲ್ಲಿ ಕೆಲಸ. ನನ್ನ ಜೊತೆ ರಾಜವ್ವ ಬಂದಳು. ಅವಳಿಗೆ ಬಸ್ಸೆಂದರೆ ಹಬ್ಬ. ಏರಿನಲ್ಲಿ ಇಳಿದ ಗಂಡಸರ ಜೊತೆ ತಾನೂ ಇಳಿದು ನಡೆಯುತ್ತೇನೆಂದು ಹಟ ಮಾಡಿದಳು. ನಾನು ಸೆರಗಿನ ತುದಿಯ ಗಂಟನ್ನು ಹಿಡಿದುಕೊಂಡು ಕೂತಿದ್ದೆ. ಗುಳಿಗೆ ಅದರಲ್ಲಿತ್ತು. ನುಂಗುವುದಿಲ್ಲ, ಸುಮ್ಮನೆ ಇರಲಿ ಎಂದು ಕಟ್ಟಿಕೊಂಡಿದ್ದೆ ಎಂದು ಆಗ ಅಂದುಕೊಂಡದ್ದು ನೆನಪಿದೆ. ಅದನ್ನೂ ಈಗ ನಂಬುವುದಿಲ್ಲ. ನುಂಗದವಳು ಕಟ್ಟಿಕೊಳ್ಳುವುದೇಕೆ?

ಡಾಕ್ಟರರ ಕಟ್ಟೆಯ ಮೂಲೆಯಲ್ಲಿ ಮಣ್ಣಿನ ಹರವಿ, ಮೇಲೆ ತಂಬಿಗೆ. ನಮಗಿಂತ ಮೊದಲು ಮೂರು ಜನ ಇದ್ದರು. ಯಂತ್ರದ ಸದ್ದು ಶುರುವಾಯಿತು, ಒಳಗಿದ್ದವರು ನರಳಿದರು. ರಾಜವ್ವ ರಸ್ತೆಯ ಕಡೆ ಮುಖ ಮಾಡಿ ಟಾಂಗಾದ ಕುದುರೆ ನೋಡುತ್ತಿದ್ದಳು. ನಾನು ಎದ್ದು ಮೂಲೆಗೆ ಹೋದೆ. ಬೆನ್ನು ಅವಳ ಕಡೆಗೆ. ಗಂಟು ಬಿಚ್ಚಿ, ಗುಳಿಗೆ ನಾಲಗೆಯ ಮೇಲಿಟ್ಟು, ನಮ್ಮವರು ಸೋಸದೆ ಮುಟ್ಟದ ನೀರನ್ನು, ಯಾರದೋ ಮನೆಯದನ್ನು, ಹಾಗೆಯೇ ಕುಡಿದೆ. ಒಂದು ಗುಟುಕು ಸಾಕಿತ್ತು. ತಂಬಿಗೆ ಬರಿದು ಮಾಡಿದೆ. ಬೆಳಗಿನಿಂದ ಒಣಗಿದ್ದ ಗಂಟಲು ಅದು. ತಿರುಗಿದಾಗ ರಾಜವ್ವ ಕುದುರೆಯನ್ನೇ ನೋಡುತ್ತಿದ್ದಳು. ಕಾಗದವನ್ನು ಎಸೆಯಲು ಜಾಗ ಕಾಣದೆ ಮತ್ತೆ ಸೆರಗಿಗೇ ಕಟ್ಟಿದೆ.

ಒಳಗಿನದು ಹೆಚ್ಚು ಹೇಳುವಂಥದ್ದಿಲ್ಲ. ಡಾಕ್ಟರರು ಕೂದಲಿನಂಥ ತಂತಿಯಿಂದ ನರ ಎಳೆದು ತೋರಿಸಿದರು. ಇಷ್ಟಕ್ಕೇ ಇಷ್ಟೆಲ್ಲ ಎಂದು ನಾಚಿಕೆಯಾಗುವಷ್ಟು ಸಣ್ಣದಿತ್ತು. ತೊಳೆಯುವಾಗ ನನ್ನ ಕೈ ಕುರ್ಚಿಯ ತೋಳನ್ನು ಹಿಡಿದಿದ್ದು ನೋಡಿ ಯಂತ್ರ ನಿಲ್ಲಿಸಿ, ಉಸಿರು ಬಿಡ್ರಿ, ನಾನೂ ಬಿಡತೀನಿ ಅಂದರು. ಆ ಒಂದು ಮಾತಿಗಾಗಿ ಅವರನ್ನು ಇಂದಿಗೂ ನೆನೆಯುತ್ತೇನೆ. ಗುಳಿಗೆ ತಗೊಂಡಿರೇನು ಎಂದು ಕೇಳಿದರು. ಬಾಯಲ್ಲಿ ಹತ್ತಿ ಇತ್ತು, ಹೌದೆಂದು ತಲೆಯಾಡಿಸಿದೆ. ನಾನು ಖರೆ ಹೇಳಿದ್ದು ಅವರೊಬ್ಬರಿಗೇ.

ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ದವಾಖಾನೆಗೆ ಹೋಗಿಬಂದ ಬಟ್ಟೆಯಲ್ಲಿ ಒಳಗೆ ಬರುವಂತಿಲ್ಲ. ಸ್ನಾನ ಮಾಡಿ, ಸೀರೆಯನ್ನು ಬಚ್ಚಲಲ್ಲಿ ಬಿಟ್ಟು, ಬೇರೆ ಉಟ್ಟುಕೊಂಡು ನೋಂಪಿಯ ಕಥೆ ಕೇಳಲು ಕೂತೆ. ಹಲ್ಲಿನಲ್ಲಿ ಮಂದವಾದ ಮಿಡಿತವಿತ್ತು, ಅಷ್ಟೇ. ಬರಿಹೊಟ್ಟೆಗೆ ಬಿದ್ದ ಗುಳಿಗೆಯಿಂದ ಎದೆ ಉರಿಯುತ್ತಿತ್ತು. ನಾನು ಎದೆ ಒತ್ತಿಕೊಂಡದ್ದು ನೋಡಿ ಅತ್ತೆ ಅದನ್ನು ಉಪವಾಸದ ಉರಿ ಎಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಬಸದಿಯ ಅರ್ಚಕರಾದ ಉಪಾಧ್ಯೆಯವರು ಓದಿದ ಕಥೆ ವ್ರತ ಕೆಡಿಸಿದ ಒಬ್ಬ ಸೊಸೆಯದು. ಅದು ಮುಗಿದ ಮೇಲೆ ಹೆಂಗಸರು ನನ್ನ ಗಲ್ಲ ಮುಟ್ಟಿ ನೋಡಿದರು. ಬಾವಿಲ್ಲ, ನೋವಿಲ್ಲ. ಚಂದವ್ವ ಬಹಳ ಹೊತ್ತು ನೋಡಿ, ತಾನೇ ಮೊದಲು ಅಂದಳು: "ಅನಂತ ಸ್ವಾಮಿ ನೋವು ಎತ್ತಿಕೊಂಡಾನ. ನಾ ಬಾಯಿಗೆ ಬಂದಂಗ ಅಂದಿದ್ನಿ ತಂಗಿ, ಹೊಟ್ಟ್ಯಾಗ ಹಾಕ್ಕೊ."

ನಾನು ಹೊಟ್ಟೆಯಲ್ಲಿ ಹಾಕಿಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ಇದು ಒಬ್ಬ ಹೆಂಗಸಿನ ಜಂಬದ ಕಥೆ. ನೆನೆದು ಒಬ್ಬಳೇ ನಾಚಿಕೊಂಡು ಮುಗಿಸಬಹುದಾಗಿತ್ತು. ಮರುದಿನ ಪಾರಣೆಯಾದ ಮೇಲೆ ಬಚ್ಚಲಿಗೆ ಹೋಗಿ ನೋಡಿದೆ. ಸೀರೆ ಆಗಲೇ ಹಿತ್ತಿಲ ಹಗ್ಗದ ಮೇಲಿತ್ತು. ರಾಜವ್ವ ಒಗೆದು ಹಾಕಿದ್ದಳು. ಸೆರಗಿನ ತುದಿಯಲ್ಲಿ ಗಂಟು ಇರಲಿಲ್ಲ. ಕಾಗದ ನೀರಲ್ಲಿ ಕರಗಿರಬೇಕು ಎಂದುಕೊಂಡೆ. ಕಾಗದ ಕರಗಬಹುದು. ಗಂಟು ತಾನಾಗಿ ಬಿಚ್ಚುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲವೋ, ಹೊಳೆಯದಂತೆ ನೋಡಿಕೊಂಡೆನೋ.

ಮುಂದಿನ ಬೇಸಿಗೆಯಲ್ಲಿ ಬಾವಿಯ ಹತ್ತಿರ ಜಾರಿ, ಕೊಡದ ಕಂಠ ಬಡಿದು ರಾಜವ್ವನ ಮೇಲಿನ ಸಾಲಿನ ಮುಂದಿನ ಹಲ್ಲು ಬಿರಿಯಿತು. ಕೆಲವು ವಾರದಲ್ಲಿ ಅದು ಕಪ್ಪಾಗಿ ಬಾವು ಬಂದಿತು. ಅದೇ ಡಾಕ್ಟರರು, ಅದೇ ಚಿಕಿತ್ಸೆ. ಮುಂದಿನ ಹಲ್ಲು, ಉಳಿಸಿಕೊಳ್ಳಲೇಬೇಕು ಅಂದರು. ಅವಳಿಗೂ ಗುಳಿಗೆ ಕೊಟ್ಟರು, ಅದೇ ಮಾತು ಹೇಳಿ. ಎರಡನೆಯ ಸಲ ಹೋಗಬೇಕಾದ ದಿನ ಯಾವ ವ್ರತವೂ ಇರಲಿಲ್ಲ. ಬೆಳಗ್ಗೆ ಉಂಡು, ನುಂಗಿ, ಬಸ್ಸು ಹತ್ತಿದರೆ ಆಗುತ್ತಿತ್ತು. ಆದರೆ ಅತ್ತೆ ಹಿಂದಿನ ದಿನವೇ, ಬಯ್ಯುವ ದನಿಯಲ್ಲಲ್ಲ, ಹುರುಪು ತುಂಬುವ ದನಿಯಲ್ಲಿ ಅಂದಿದ್ದರು: "ನಿಮ್ಮ ವೈನಿ ಗುಳಗಿ ಮುಟ್ಟಲಾರದ ತಡಕೊಂಡ ಬಂದ್ಲು. ಅದೂ ಖಾಲಿ ಹೊಟ್ಟಿಲೆ. ನಿಂದೇನ, ಉಂಡ ಹೊಟ್ಟಿ."

ನಾನು ಗುಳಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಅವಳ ಹತ್ತಿರ ಹೋದೆ. ತಗೋ ರಾಜವ್ವ, ಬಸ್ಸು ಹತ್ತುವ ಮೊದಲು ನುಂಗು ಅಂದೆ. ಅವಳು ಜಡೆ ಹಾಕಿಕೊಳ್ಳುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು.

"ನೀವು ಅವತ್ತ ತಗೊಂಡಿದ್ರೇನ್ರಿ ವೈನಿ?"

ಈ ಗಳಿಗೆಯನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೆಂದರೆ ಅದರ ಅಂಚುಗಳೆಲ್ಲ ಸವೆದುಹೋಗಿವೆ. ಕೆಲವು ಸಲ ಅತ್ತೆ ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ. ಕೆಲವು ಸಲ ಮನೆಯಲ್ಲಿ ನಾವಿಬ್ಬರೇ. ಅತ್ತೆ ಇದ್ದಿದ್ದರೆ ನನಗೊಂದು ನೆಪ ಇರುತ್ತದೆ. ಅದಕ್ಕೇ ಅವರು ಇರಲಿಲ್ಲವೆಂದೇ ಇಟ್ಟುಕೊಳ್ಳುತ್ತೇನೆ.

"ಇಲ್ಲ," ಅಂದೆ.

"ಹಂಗಾರ ನನಗೂ ಬ್ಯಾಡ್ರಿ."

ಅವಳನ್ನು ಅಂದು ಜಮಖಂಡಿಗೆ ಕರೆದುಕೊಂಡು ಹೋದವರು ಅವಳ ಅಣ್ಣ. ಸಂಜೆ ನಗುತ್ತಲೇ ಬಂದಳು, ತುಟಿ ಇನ್ನೂ ಜೋಮು ಹಿಡಿದಿತ್ತು. ಡಾಕ್ಟರರು ಹೇಳಿದಂತೆಯೇ ದೀಪ ಹಚ್ಚುವ ಹೊತ್ತಿಗೆ ನೋವು ಎದ್ದಿತು. ಮೊದಲು ಕಂಬಕ್ಕೆ ಒರಗಿ ಕೂತಳು. ಆಮೇಲೆ ಕಂಬಕ್ಕೆ ಹಣೆ ಬಡಿದುಕೊಳ್ಳತೊಡಗಿದಳು, ಮೆಲ್ಲಗೆ, ಮಗ್ಗದ ಸದ್ದಿನ ಹಾಗೆ ಒಂದೇ ಸಮನೆ. ಅಳಲಿಲ್ಲ. ಅತ್ತೆ ಸ್ವಲ್ಪ ಹೊತ್ತು ನೋಡಿದರು. ನಾನು ಎಣಿಸಿರದ ಕೆಲಸವನ್ನು ಆಮೇಲೆ ಮಾಡಿದರು. ಗುಳಿಗೆಯನ್ನೂ ನೀರನ್ನೂ ತಾವೇ ತಂದು ಮಗಳ ಮುಂದೆ ಹಿಡಿದರು.

"ತಗೊ ನನ್ನವ್ವ," ಅಂದರು. "ಹೊತ್ತ ಮುಣಗಿದ್ರ ಮುಣಗ್ಲಿ, ಪಾಪ ಬಂದ್ರ ನನಗ ಬರ್ಲಿ. ಬ್ಯಾನಿ ಇದ್ದವರಿಗೆ ನೇಮ ಯಾರ ಹೇರತಾರ? ಅವತ್ತ ಶಾಂತಾ ಕೇಳಿದ್ರ ಆಕೀಗೂ ನಾನ ಕೊಡತಿದ್ನಿ. ಆಕಿ ಕೇಳಲಿಲ್ಲ, ಆಕಿ ಗಟ್ಟಿ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಕೇಳಿದ್ದರೆ ಕೊಡುತ್ತಿದ್ದರು. ಅಷ್ಟೆಲ್ಲ ಬಚ್ಚಿಟ್ಟಿದ್ದು ಯಾರೂ ಹಾಕಿರದ ಕಟ್ಟಳೆಗಾಗಿ. ರಾಜವ್ವ ತಾಯಿಯ ಕೈ ಸರಿಸಿ ತಲೆಯೆತ್ತಿ ನನ್ನ ಕಡೆ ನೋಡಿದಳು. ಏನನ್ನೋ ಕಾಯುವವರ ಹಾಗೆ ನೋಡಿದಳು ಎಂದು ಈಗ ಬರೆಯಬೇಕೆನಿಸುತ್ತಿದೆ. ಆಗ ಹಾಗನಿಸಿತ್ತೋ ಇಲ್ಲವೋ ಗೊತ್ತಿಲ್ಲ. ಒಂದು ಮಾತು ಸಾಕಾಗಿತ್ತು. ನಾನೂ ನುಂಗಿದ್ದೆ, ನೀನೂ ನುಂಗು. ನಾನು ಅವಳ ಕಾಲಿನ ಹತ್ತಿರ ಕೂತು ಪಾದ ಒತ್ತಿದೆ. ಸಾಂತ್ವನ ಎಂದು ಎಲ್ಲರಿಗೂ ಕಾಣುವಂತೆ. ಅವಳು ಗುಳಿಗೆ ಮುಟ್ಟಲೇ ಇಲ್ಲ, ಮರುದಿನವೂ ಇಲ್ಲ.

ಎರಡು ದಿನ ಆ ನೋವಿತ್ತು. ಮೂರನೆಯ ಸಲ, ಬೇರು ತುಂಬಿಸಲು ಹೋಗಬೇಕಾದ ದಿನ, ಅವಳು ಕಂಬ ಹಿಡಿದುಕೊಂಡು ಬರುವುದಿಲ್ಲ ಅಂದಳು. ಒತ್ತಾಯ ಮಾಡಿದರೂ ಬರಲಿಲ್ಲ. ಅರ್ಧ ಬಿಟ್ಟ ಹಲ್ಲು ದೀಪಾವಳಿಯ ಹೊತ್ತಿಗೆ ಮತ್ತೆ ಕೀವು ತುಂಬಿತು, ಕೀಳಬೇಕಾಯಿತು. ಕಿತ್ತ ದಿನ ಡಾಕ್ಟರರನ್ನು ನಾನೇ ಕೇಳಿದೆ, ಗುಳಿಗೆ ತಗೊಂಡಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವೇ ಎಂದು. ಎಲ್ಲರ ಹಲ್ಲೂ ಒಂದೇ ಥರ ಅಲ್ಲ, ಕಡಿಮೆ ಆಗುತ್ತಿತ್ತು, ಎಷ್ಟು ಅಂತ ಹೇಗೆ ಹೇಳಲಿ ಅಂದರು. ಆ 'ಎಷ್ಟು ಅಂತ ಹೇಗೆ ಹೇಳಲಿ' ಎಂಬುದನ್ನು ಹಿಡಿದುಕೊಂಡು ನಾನು ಕೆಲವು ವರ್ಷ ಬದುಕಿದೆ. ಓದಿದವಳಿಗೆ ಸಂಶಯದ ಲಾಭ ಪಡೆಯುವುದು ಚೆನ್ನಾಗಿ ಬರುತ್ತದೆ.

ರಾಜವ್ವನ ಲಗ್ನವಾಯಿತು, ಹಿಪ್ಪರಗಿಗೆ ಹೋದಳು. ನಗುವಾಗ ಸೆರಗನ್ನು ಬಾಯಿಗೆ ಹಿಡಿಯುವ ರೂಢಿ ಅವಳಿಗೆ ಅಂಟಿತು. ಮಕ್ಕಳು ಅದನ್ನು ಅವಳ ಮರ್ಯಾದೆ ಎಂದುಕೊಂಡಿದ್ದಾರೆ. ನನ್ನ ದವಡೆ ಹಲ್ಲು ಇನ್ನೂ ಗಟ್ಟಿಯಾಗಿದೆ. ಅದರಿಂದಲೇ ಶೇಂಗಾ ಅಗಿಯುತ್ತೇನೆ.

ಸಂಸ್ಥಾನ ಹೋಯಿತು. ನಾನು ಪ್ರತಿ ವರ್ಷ ಚತುರ್ದಶಿಗೆ ನೀರೂ ಮುಟ್ಟದೆ ನೋಂಪಿ ಮಾಡುತ್ತ ಬಂದೆ. ನಂಬಿಕೆ ಬಂದಿತೆಂದಲ್ಲ, ನಿಲ್ಲಿಸಲು ಮುಖವಿರಲಿಲ್ಲ. ಹದಿನಾಲ್ಕು ವರ್ಷ ತುಂಬಿದಾಗ ಉದ್ಯಾಪನೆ ಮಾಡಿ ಮುಗಿಸೋಣ ಅಂದರು ಅತ್ತೆ. ಇನ್ನೊಂದು ವರ್ಷ ಮಾಡುತ್ತೇನೆ ಅಂದೆ. ಎಷ್ಟು ಭಕ್ತಿ ನೋಡ್ರಿ, ಹದಿನೈದನೆಯ ವರ್ಷ ಕೇಳಿಕೊಂಡು ಮಾಡುತ್ತಾಳೆ ಎಂದು ಬಸದಿಯಲ್ಲಿ ಮಾತಾಯಿತು. ಯಾಕೆ ಎಂದು ರಾಜವ್ವ ಮಾತ್ರ ಕೇಳಲಿಲ್ಲ.

ಹಲ್ಲಿನ ಬೇರಿನ ಚಿಕಿತ್ಸೆಗೆ ಹೋಗುವವರಿಗೆ ನಾನು ಹೇಳಬೇಕಾದದ್ದು ಇಷ್ಟು. ನೆರೆಮನೆಯ ಸೊಸೆಗೂ ಮೊನ್ನೆ ಎಲ್ಲ ಹೇಳಿಯೇ ಕಳಿಸಿದೆ. ಹೆದರಿಕೆ ಎಲ್ಲರಿಗೂ ಆಗುತ್ತದೆ. ಕಟ್ಟೆಯ ಮೇಲೆ ಕಾಯುವ ಹೊತ್ತೇ ಕುರ್ಚಿಯ ಹೊತ್ತಿಗಿಂತ ಕೆಟ್ಟದ್ದು. ಡಾಕ್ಟರರು ಮೊದಲೇ ಗುಳಿಗೆ ತಗೊಂಡು ಬಾ ಎಂದರೆ, ಉಂಡು, ತಗೊಂಡು ಹೋಗಿ. ತಗೊಂಡೆ ಅಂತ ಮನೆಯಲ್ಲಿ ಹೇಳಿ. ನಿಮ್ಮ ಹಿಂದೆ ಯಾರು ಹೋಗುವವರಿದ್ದಾರೋ ನಿಮಗೆ ಗೊತ್ತಿರುವುದಿಲ್ಲ.

ಹದಿನೈದನೆಯ ವರ್ಷ ಉದ್ಯಾಪನೆಗೆ ರಾಜವ್ವ ಬಂದಳು. ಹೆಂಗಸರೆಲ್ಲ ಪಡಸಾಲೆಯಲ್ಲಿ ಉಣ್ಣುತ್ತಿದ್ದಾಗ ನಾವಿಬ್ಬರೇ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆವು. ನಾನು ಗುಳಿಗೆ ನುಂಗಿದ್ದು ಅವಳಿಗೆ ಗೊತ್ತಿರಲಿಲ್ಲ ಎಂದಾದರೆ ನಾನು ಅವಳಿಗೆ ಮೋಸ ಮಾಡಿದೆ. ಗೊತ್ತಿತ್ತು ಎಂದಾದರೆ, ಜಡೆ ಹಾಕಿಕೊಳ್ಳುತ್ತ ಅವಳು ಕೇಳಿದ್ದು ಪ್ರಶ್ನೆಯಲ್ಲ, ನನಗಾಗಿ ತೆರೆದಿಟ್ಟ ಬಾಗಿಲು. ಕಂಬದ ಹತ್ತಿರ ತಾಯಿಯ ಕೈ ಸರಿಸಿದ್ದೂ ಅದೇ ಬಾಗಿಲು. ಎರಡರಲ್ಲಿ ಯಾವುದು ಸತ್ಯವಾಗಲಿ ಎಂದು ಬೇಡಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಕೊನೆಗೂ ಕೇಳಿದೆ. ಅವಳ ಕೈ ಬೂದಿಯಲ್ಲಿ ನಿಂತಿತು. ಸೆರಗು ಬಾಯಿಗೆ ಹೋಯಿತು, ನಕ್ಕಳೋ ಏನೋ ಕಾಣಲಿಲ್ಲ. ಅನ್ನ ಆರತೈತಿ, ಬರ್ರಿ ವೈನಿ, ಅಂದು ಎದ್ದು ಒಳಗೆ ಹೋದಳು. ಆಮೇಲೆ ಎಷ್ಟೋ ಸಲ ಬಂದಿದ್ದಾಳೆ, ಹೋಗಿದ್ದಾಳೆ, ಕಾಗದ ಬರೆಸಿದ್ದಾಳೆ. ಅಂದು ನಾನು ಕೇಳಿದ ಆ ಮಾತು ಅಲ್ಲಿಯೇ ಇದೆ:

"ರಾಜವ್ವ, ಅವತ್ತ ನನ್ನ ಸೀರಿ ಒಗದಾಕಿ ನೀನ. ಸೆರಗಿನ ಗಂಟ ಬಿಚ್ಚಿದಾಕೀನೂ ನೀನ ಏನು?"